ನಾಲ್ಕು ಗೂಟ, ನಾಲ್ಕು ಚಿಟಿಕೆ

ಮಂಗಳವಾರ ಬೆಳಿಗ್ಗೆ 8.40ಕ್ಕೆ ಬುಡಕಟ್ಟು ಪೊಲೀಸ್ ಠಾಣೆಗೆ ಬಂದ ದೂರು ಒಂದೇ ಸಾಲಿನದು: ಹಳೇ ವಸತಿ ಶಾಲೆಯ ಜಮೀನಿನ ಪೂರ್ವ ಗಡಿಯಲ್ಲಿ ನಾಲ್ಕು ಸರ್ವೇ ಗೂಟ ಕಾಣೆ. ದೂರುದಾರ ಕೇಂದ್ರ ಸರ್ಕಾರದ ಸರ್ವೇಯರ್ ಕ್ರೂಗರ್. ಬಿಳಿಯರ ಸರ್ಕಾರ ನಮ್ಮ ಬುಡಕಟ್ಟಿನ ಮಕ್ಕಳನ್ನು ಮನೆಗಳಿಂದ ಎಳೆದೊಯ್ದು ಇಟ್ಟಿದ್ದ ಆ ಶಾಲೆ ಮುಚ್ಚಿ ಐವತ್ತು ವರ್ಷವಾಗಿತ್ತು. ಅದರ ಅರವತ್ತೆರಡು ಎಕರೆ ತನಗೆ ಹೆಚ್ಚುವರಿ ಎಂದು ಸರ್ಕಾರ ಈಗ ಬುಡಕಟ್ಟಿಗೆ ಬಿಟ್ಟುಕೊಡುತ್ತಿತ್ತು. ಶುಕ್ರವಾರ ಸಹಿ. ತಪ್ಪಿದರೆ ಮತ್ತೆ ಮೊದಲಿಂದ. ನಮ್ಮ ತಾತಂದಿರಿಂದ ಕಿತ್ತುಕೊಂಡದ್ದನ್ನು ಹೆಚ್ಚುವರಿ ಅಂತ ವಾಪಸು ಕೊಡೋದಕ್ಕೂ ಮುಖ ಬೇಕು, ಇರಲಿ.

ಇನ್ಸ್‌ಪೆಕ್ಟರ್ ಡಾರ್ಲೀನ್ ಕಿಂಗ್‌ಬರ್ಡ್ ಎಫ್‌ಐಆರ್ ಬರೆಯಲು ಕೂತರೆ ಮಾಲೀಕರ ಕಾಲಮ್ಮಿನಲ್ಲೇ ಪೆನ್ನು ನಿಂತಿತು.

"ಶುಕ್ರವಾರದ ತನಕ ಅವರದ್ದು, ಆಮೇಲೆ ನಮ್ಮದು," ಅಂದ ಕಾನ್‌ಸ್ಟೆಬಲ್ ವೆಂಡೆಲ್.

"ಹಂಗಾದ್ರೆ ಕಳುವಾಗಿದ್ದು ಯಾರದ್ದು?"

"ಅದೇ ಮೇಡಂ, ನಂಗೂ ತಲೆ ಕೆಟ್ಟಿದೆ."

10.15ಕ್ಕೆ ಸ್ಥಳ ಪಂಚನಾಮೆ. ಗೂಟಗಳು ಕಾಣೆಯಾಗಿರಲೇ ಇಲ್ಲ. ಮುರಿದ ಬೇಲಿ ದಾಟಿ ನಲವತ್ತು ಹೆಜ್ಜೆ ಪೂರ್ವಕ್ಕೆ, ಸರ್ಕಾರ ತನಗೇ ಇಟ್ಟುಕೊಂಡ ಕಾಡಿನೊಳಗೆ, ಕಿತ್ತಳೆ ರಿಬ್ಬನ್ ಸಮೇತ ನಾಲ್ಕೂ ನೆಟ್ಟಗೆ ನಿಂತಿದ್ದವು. ಹೊಸ ಸಾಲೂ ಓರೆಯಾಗಿರಲಿಲ್ಲ.

"ನಿಮ್ಮವರೇ ಜಮೀನು ಹೊಡೆಯೋಕೆ ನೋಡಿದ್ದಾರೆ," ಅಂದ ಕ್ರೂಗರ್.

"ಹೊಡೆಯೋದಿದ್ರೆ ಕೆರೆ ಕಡೆ ಹೊಡೀತಿದ್ರು ಸ್ವಾಮಿ. ಈ ಮುಳ್ಳು ಪೊದೆ ಯಾರಿಗೆ ಬೇಕು?" ಅಂದ ವೆಂಡೆಲ್.

ಡಾರ್ಲೀನ್‌ಗೂ ತಲೆಬುಡ ತಿಳಿಯಲಿಲ್ಲ. ಅರವತ್ತೆರಡು ಎಕರೆಯನ್ನು ಪಣಕ್ಕಿಟ್ಟು ಮುಳ್ಳಿಗೆ ಆಸೆಪಡುವ ಕಳ್ಳ ಎಂಥವನು? ಅವಳು ಹಳೇ ಗುಳಿಗಳ ಪಕ್ಕ ಮಂಡಿಯೂರಿ ನೋಡಿದಳು. ನಾಲ್ಕರಲ್ಲೂ ಒಂದೊಂದು ಚಿಟಿಕೆ ಹೊಗೆಸೊಪ್ಪು ಬಿದ್ದಿತ್ತು.

"ಸಿಗರೇಟು ಸೇದೋನು," ಅಂತ ಕ್ರೂಗರ್ ಬರೆದುಕೊಂಡ.

ಡಾರ್ಲೀನ್ ಮತ್ತು ವೆಂಡೆಲ್ ಮುಖ ಮುಖ ನೋಡಿಕೊಂಡರು. ನೆಲದಿಂದ ಬೇರು ಕೀಳಲಿ, ಕಲ್ಲು ಕೀಳಲಿ, ಒಂದು ಚಿಟಿಕೆ ಹೊಗೆಸೊಪ್ಪು ಇಡದೆ ಏಳಬಾರದು ಅಂತ ಇಬ್ಬರಿಗೂ ಮನೆಯಲ್ಲಿ ಬೈದು ಕಲಿಸಿದ್ದರು. ವೆಂಡೆಲ್ ಚಿಟಿಕೆ ಎತ್ತಿ ಮೂಸಿದ. ಅಂಗಡಿಯದಲ್ಲ. ಕೆರೆದಂಡೆಯ ಕೆಂಪು ಗಿಡದ ತೊಗಟೆ ಹೆರೆದು, ಒಣಗಿಸಿ ಬೆರೆಸಿದ್ದು. ಊರಲ್ಲಿ ಆ ಕೆಲಸಕ್ಕೆ ಇನ್ನೂ ಕೂರುವವರು ಒಬ್ಬರೇ.

"ಬೇಡ ಮೇಡಂ," ಅಂದ. "ಜೋಸೆಟ್ ಅಜ್ಜಿ ಆಗಿರಲ್ಲ."

1.30ಕ್ಕೆ ಜೋಸೆಟ್ ಮೊರಿಸೋ ಮನೆ. ವಯಸ್ಸು ಎಪ್ಪತ್ತೆಂಟು. ಬಾಗಿಲು ತೆರೆದವಳೇ ಕಾಡಕ್ಕಿ ಸೂಪ್ ಬಡಿಸಿದಳು.

"ಅಜ್ಜಿ, ಗೂಟ ಕಿತ್ತಿದ್ದು ನೀವಾ?" ಅಂದಳು ಡಾರ್ಲೀನ್.

"ಮೊದಲು ಉಣ್ಣು. ಕಡ್ಡಿ ಆಗಿದ್ದೀಯ."

"ನೀವಾ?"

"ಹೂಂ, ನಾನೇ. ಒಂದೊಂದಕ್ಕೆ ಅರ್ಧರ್ಧ ಗಂಟೆ. ಸೊಂಟ ಬಿದ್ದೋಯ್ತು."

"ಆ ಹೊಗೆಸೊಪ್ಪು ಇಡದಿದ್ರೆ ನಿಮ್ಮ ಹೆಸರೇ ಬರ್ತಿರಲಿಲ್ಲ."

"ನೆಲದಿಂದ ತಗೊಂಡು ಏನೂ ಕೊಡದೆ ಬರೋದಾ? ನಾನೇನು ಕಳ್ಳಿಯಾ?"

ವೆಂಡೆಲ್‌ಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಸೂಪಿನ ಬಟ್ಟಲಿಗೆ ಮುಖ ಬಗ್ಗಿಸಿದ.

"ಯಾಕೆ ಅಜ್ಜಿ?"

ಜೋಸೆಟ್ ಟೇಬಲ್ ಒರೆಸುತ್ತಲೇ ಹೇಳಿದಳು. ಅಕ್ಕ ಆಗ್ನೆಸ್ ಒಂಬತ್ತು ವರ್ಷದವಳಿದ್ದಾಗ ಶಾಲೆಯಲ್ಲೇ ಜ್ವರದಿಂದ ಸತ್ತಳು. ಹುಡುಗಿ ಓಡಿಹೋದಳು ಅಂತ ಮನೆಗೆ ಕಾಗದ ಬಂತು. ಬೇಲಿಯಾಚೆ ಹೂಳುವಾಗ, ಅದೇ ಶಾಲೆಯಲ್ಲಿದ್ದ, ಅಡುಗೆಮನೆ ಕಿಟಕಿಯಿಂದ ಆರು ವರ್ಷದ ಜೋಸೆಟ್ ನೋಡಿದ್ದಳು, ಬೇಲಿಯಿಂದ ಮೂವತ್ತಾರು ಹೆಜ್ಜೆ.

"ಆಫೀಸಿಗೆ ಮೂರು ಸಲ ಹೋದೆ ಮಗಳೇ. ಕಾಗದದಲ್ಲಿ ಇಲ್ಲ, ಕಾಗದ ತನ್ನಿ ಅಂದ್ರು. ಎಲ್ಲಿಂದ ತರ್ಲಿ? ಶುಕ್ರವಾರ ಶಾಲೆ ಜಮೀನಲ್ಲಿ ಹೂತಿರೋ ಮಕ್ಕಳೆಲ್ಲ ಮನೆಗೆ ಬರ್ತಾರೆ, ಅವಳೊಬ್ಬಳು ಬೇಲಿಯಾಚೆ ಉಳೀತಾಳೆ."

3.10ಕ್ಕೆ ಎರಡನೇ ಪಂಚನಾಮೆ. ಜೋಸೆಟ್ ಬೇಲಿಗೆ ಬೆನ್ನು ಕೊಟ್ಟು ಎಣಿಸುತ್ತಾ ನಡೆದು, ಒಂದು ತಗ್ಗಿನ ಮುಂದೆ ನಿಂತಳು. ಕ್ರೂಗರ್ ಟೋಪಿ ತೆಗೆದ. ಆಮೇಲೆ ಟೇಪು ಹಿಡಿದು ಅಳೆದ, ಅಂಕಿಗಳನ್ನು ಹೇಳಿದ. ಡಾರ್ಲೀನ್ ಬರೆದಳು. ಸಮಾಧಿ ಇದೆ ಅಂತ ದಾಖಲಾದ ಮೇಲೆ ಅದನ್ನು ನೋಡದೆ ಗಡಿ ಎಳೆಯುವಂತಿಲ್ಲ. ಶುಕ್ರವಾರದ ಸಹಿ ನಿಂತೇಹೋಯಿತು. ಅರವತ್ತೆರಡು ಎಕರೆಗೆ ಕಾಯುತ್ತಿದ್ದ ಊರು ತನಗೆ ಶಾಪ ಹಾಕುತ್ತದೋ ಕೈಮುಗಿಯುತ್ತದೋ, ಡಾರ್ಲೀನ್‌ಗೆ ಗೊತ್ತಾಗಲಿಲ್ಲ.

3.50ಕ್ಕೆ ದಸ್ತಗಿರಿ. ಕೈಕೋಳ ಹಾಕಲಿಲ್ಲ. ಜೀಪಿನ ಬಾಗಿಲಲ್ಲಿ ಅಜ್ಜಿ ನಿಂತಳು.

"ಅವಳ ಹೆಸರು ಬರೆದ್ಯಾ?"

"ಬರೆದೆ ಅಜ್ಜಿ. ಆಗ್ನೆಸ್ ಮೊರಿಸೋ, ಒಂಬತ್ತು ವರ್ಷ."

"ಅದು ಸರ್ಕಾರಿ ಕಾಗದಾನಾ?"

"ಹೌದು. ಮೊಹರೂ ಬೀಳುತ್ತೆ."

"ಸರಿ ಹಾಗಾದ್ರೆ," ಅಂದು ಜೋಸೆಟ್ ಜೀಪು ಹತ್ತಿ ಕೂತಳು.