ಬೆಳಿಗ್ಗೆಗಿಂತ ಎಪ್ಪತ್ತೆಂಟು ಕಿಲೋ ಜಾಸ್ತಿ

ಕಣ್ಣನ್ನು ನಂಬಲೇ, ಮೊಣಕಾಲನ್ನು ನಂಬಲೇ? ಕಣ್ಣಿಗೆ ಮುಂದಿನ ರಸ್ತೆ ಖಾಲಿಯಿತ್ತು. ಆದರೆ ನನ್ನ ಬಲ ಮೊಣಕಾಲನ್ನು ಯಾರೋ ಎರಡು ಸಲ ತಟ್ಟಿದ್ದರು.

ನಮ್ಮ ಅರ್ಜೆಂಟೀನಾದ ಕಾರ್ ರೇಸಿನಲ್ಲಿ ಹಿಂದೆಲ್ಲ ಚಾಲಕನ ಪಕ್ಕ ಜೊತೆಗಾರನೊಬ್ಬ ಕೂರುತ್ತಿದ್ದ. ಆ ಸದ್ದಿನಲ್ಲಿ ಮಾತು ಕೇಳದು. ಅವನು ಒಂದು ಸಲ ತಟ್ಟಿದರೆ ನುಗ್ಗಬೇಕು, ಎರಡು ಸಲ ತಟ್ಟಿದರೆ ಆಕ್ಸಿಲರೇಟರಿನಿಂದ ಕಾಲೆತ್ತಬೇಕು. ನನ್ನ ಜೊತೆಗಾರ ನಿಕಾನೋರ್ ಅಪಘಾತದಲ್ಲಿ ಸತ್ತು ಹತ್ತೊಂಬತ್ತು ವರ್ಷವಾಗಿತ್ತು. ಆ ಸೀಟನ್ನೂ ಕಿತ್ತುಹಾಕಿದ್ದರು.

ಅದು ಕೊನೆಯ ಸುತ್ತು. ಎಲ್ಲರಿಗಿಂತ ಮುಂದಿದ್ದೆ, ನನ್ನ ಮೊದಲ ಪಟ್ಟ ಎರಡೇ ತಿರುವಿನಾಚೆ ಇತ್ತು. ಎಂಜಿನ್ನಿನ ಬಿಸಿಗೆ ಮೈಯೆಲ್ಲ ಬೇಯುತ್ತಿದ್ದರೂ ಆ ಮೊಣಕಾಲು ಮಾತ್ರ ತಣ್ಣಗಿತ್ತು. ಕಾಲೆತ್ತಿದೆ. ತಿರುವಿನಾಚೆ, ಹಿಂದುಳಿದಿದ್ದ ಕಾರೊಂದು ರಸ್ತೆಗೆ ಅಡ್ಡ ನಿಂತಿತ್ತು. ಉಳಿದ ಸಂದಿಯಲ್ಲಿ ನುಸುಳಿದೆ. ಆಗ ಒಂದೇ ಒಂದು ತಟ್ಟು ಬಿತ್ತು. ಕಿರುಚುತ್ತಲೇ ನುಗ್ಗಿ ಗೆದ್ದೆ.

ಗೆದ್ದ ಕಾರನ್ನು ಚಾಲಕನ ಸಮೇತ ತೂಗುವುದು ನಿಯಮ. ಮೆಕ್ಯಾನಿಕ್ ಫೆರ್ಮಿನ್ ಅಂಕಿ ನೋಡಿ ನಕ್ಕ.

"ಏನಯ್ಯಾ ಅನ್ಸೆಲ್ಮೋ, ಬೆಳಿಗ್ಗೆಗಿಂತ ಎಪ್ಪತ್ತೆಂಟು ಕಿಲೋ ಜಾಸ್ತಿ! ದಾರೀಲಿ ಇಳಿದು ಒಂದು ಕರುನೇ ಸುಟ್ಕೊಂಡು ತಿಂದ್ಯಾ?"

"ಹೋಗೋ, ನಿನ್ನ ತಕ್ಕಡಿ ಕುಡಿದಿರ್ಬೇಕು."

ಮತ್ತೆ ತೂಗಿದಾಗ ಸರಿಯಾಗಿತ್ತು. ನಿಕಾನೋರ್ ಎಪ್ಪತ್ತೆಂಟು ಕಿಲೋ ಇದ್ದ.

ಅವನ ಹೆಂಡತಿ ಡೆಲ್ಫಿನಾ ಓಡಿಬಂದು ನನ್ನನ್ನು ತಬ್ಬಿಕೊಂಡಳು. "ಅವ್ನಿದ್ದಿದ್ರೆ ಕುಣಿದುಬಿಡ್ತಿದ್ದ ಕಣೋ!"

ಹತ್ತೊಂಬತ್ತು ವರ್ಷದ ಹಿಂದೆ, ಅಪಘಾತವಾದ ಆ ತಿರುವಿನಲ್ಲೂ ಅವನು ಎರಡು ಸಲ ತಟ್ಟಿದ್ದ. ನಾನು ಕಾಲೆತ್ತಲಿಲ್ಲ ಎಂಬುದನ್ನು ಅವಳಿಗೆ ಎಂದೂ ಹೇಳಲಿಲ್ಲ.