ಸೋಮವಾರ ಅಳಿಸಿಹೋಗುವ ಚಿತ್ರ

ಪರದೆಯ ಮೇಲೆ ಮೊದಲು ಮಾಳಿಗೆಯ ತೊಲೆ ಬಂತು. ಆಮೇಲೆ ತೊಲೆಗೆ ತೂಗುಹಾಕಿದ ಕಂದೀಲು ಬಂತು. ಅದರ ಕೆಳಗೆ ಒಬ್ಬ ಹೆಂಗಸಿನ ಮುಖ ಬರಬೇಕಿತ್ತು. ಬರಲಿಲ್ಲ. ಯಂತ್ರ ಎರಡು ಸಲ ಕರ್ ಕರ್ ಎಂದು ಗೊಣಗಿತು. ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. ಅಲ್ಲಿಗೆ ಮುಗಿಯಿತು.

"ಮತ್ತ ಹೋತು," ಎಂದರು ಖಾಜಾಸಾಬ ಮಾಸ್ತರು.

ಅದು ಎಂಬತ್ತೇಳನೇ ಇಸವಿಯ ಜನವರಿಯ ಒಂದು ಸೋಮವಾರ. ಬೆಟಗೇರಿಯ ಒಂದು ಹೈಸ್ಕೂಲು. ಸರಕಾರ ಕೊಟ್ಟ ಒಂದೇ ಒಂದು ಕಂಪ್ಯೂಟರು, ಅದಕ್ಕೊಂದು ಕೋಣೆ. ಮೂರು ವಾರದಲ್ಲಿ ಮೂರನೆಯ ಸಲ ಅದೇ ಚಿತ್ರ ಹಾಳಾಗಿತ್ತು.

ಬಾಗಿಲಲ್ಲಿ ಅಂಬುಬಾಯಿ ನಿಂತಿದ್ದರು. ಅವರು ಹೊಲಿಗೆ ಕಲಿಸುವವರು. ಶಾಲೆಯಲ್ಲಿ ಏನು ಕಳೆದರೂ ಅವರ ಹತ್ತಿರವೇ ದೂರು. ಹೆಡ್‌ಮಾಸ್ತರರ ಪೆನ್ನು, ಹಾಜರಿ ಪುಸ್ತಕ, ಒಮ್ಮೆ ಶಾಲೆಯ ಗಂಟೆ. ಎಲ್ಲವನ್ನೂ ಹುಡುಕಿಕೊಟ್ಟವರು ಅವರೇ. ಮೇಜಿನ ಸಂದಿಯಲ್ಲಿ ಬಿದ್ದ ಸೂಜಿ ಹುಡುಕುವ ಕಣ್ಣಿಗೆ ಗಂಟೆ ಯಾವ ಲೆಕ್ಕ!

ಖಾಜಾಸಾಬರು ಚಿತ್ರಕಲಾ ಮಾಸ್ತರು. ಈ ತಿಂಗಳ ಕೊನೆಗೆ ನಿವೃತ್ತಿ. ಕಂಪ್ಯೂಟರ್ ಬಂದಾಗ ಎಲ್ಲರೂ ದೂರ ನಿಂತು ನೋಡಿದರೆ ಇವರು ಹೋಗಿ ಕೂತುಬಿಟ್ಟರು. ಅದರಲ್ಲಿ ಚಿತ್ರ ಬರೆಯುವ ಒಂದು ಪ್ರೋಗ್ರಾಮ್ ಇತ್ತು. ಬಾಣದ ಗುರುತಿನ ಗುಂಡಿ ಒತ್ತುತ್ತಾ ಒಂದೊಂದೇ ಚೌಕಕ್ಕೆ ಬಣ್ಣ ತುಂಬಬೇಕು. ಒಟ್ಟು ಎಂಟೇ ಬಣ್ಣ. ಉಳಿದವರಿಗೆ ಅದು ಹುಚ್ಚು ಕೆಲಸ. ಖಾಜಾಸಾಬರ ತಂದೆ ಚೌಕಳಿ ಕಾಗದದ ಮೇಲೆ ಸೀರೆಯ ಅಂಚಿಗೆ ಬಳ್ಳಿ ಬರೆಯುತ್ತಿದ್ದವರು. ಮಗನಿಗೆ ಇದು ಮನೆಯ ಕೆಲಸವೇ ಆಯಿತು.

ಬರೆಯುತ್ತಿದ್ದದ್ದು ಬಾನುಬಿಯ ಚಿತ್ರ. ಅವರ ಹೆಂಡತಿ. ರಾಟೆಯ ಮುಂದೆ ಕೂತು ಮಗ್ಗಕ್ಕೆ ನೂಲು ಸುತ್ತುವ ಬಾನುಬಿ. ಊರಿನ ಗೋಡೆಗಳ ಮೇಲೆಲ್ಲ ಚಿತ್ರ ಬರೆದ ಮನುಷ್ಯ, ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಹೆಂಡತಿಯದೊಂದನ್ನೂ ಬರೆದಿರಲಿಲ್ಲ. ಈ ಶನಿವಾರ ಧಾರವಾಡದಿಂದ ಶಿಕ್ಷಣ ಇಲಾಖೆಯ ಸಾಹೇಬರು ಕಂಪ್ಯೂಟರ್ ನೋಡಲು ಬರುವವರಿದ್ದರು. ಆ ದಿನ ಬಾನುಬಿಯನ್ನು ಕರೆತಂದು ತೋರಿಸಬೇಕೆಂದು ಮಾಸ್ತರರ ಆಸೆ. ಇದು ಅಂಬುಬಾಯಿಗೆ ಮಾತ್ರ ಗೊತ್ತಿತ್ತು. ಬಾನುಬಿಗೂ ಗೊತ್ತಿರಲಿಲ್ಲ.

* * *

ಹೆಡ್‌ಮಾಸ್ತರ್ ರಾಮಚಂದ್ರರಾಯರು ಬಂದರು. ಕಂಪ್ಯೂಟರ್ ಕಲಿಸುವ ರಾಘವೇಂದ್ರನೂ ಬಂದ. ಲಕ್ಷ್ಮೇಶ್ವರದ ಹುಡುಗ, ಇನ್ನೂ ಇಪ್ಪತ್ತಾರು. ಧಾರವಾಡದಲ್ಲಿ ಹದಿನೈದು ದಿನದ ತರಬೇತಿ ಪಡೆದು ಬಂದವನು. ಆ ಹದಿನೈದು ದಿನದ ಭಾರ ಅವನ ಹೆಗಲ ಮೇಲೆ ಎದ್ದು ಕಾಣುತ್ತಿತ್ತು.

ಅವನ ತೀರ್ಪು ಸಿದ್ಧವಾಗಿತ್ತು. ಫ್ಲಾಪಿ ಎಂದರೆ ತೆಳ್ಳನೆಯ ಕಪ್ಪು ತಟ್ಟೆ, ಚಿತ್ರ ಉಳಿಯುವುದು ಅದರಲ್ಲಿ. ಅದಕ್ಕೆ ಬೆರಳು ತಾಗಬಾರದು. ಮಾಸ್ತರರ ಕೈಯಲ್ಲಿ ಸದಾ ಬಣ್ಣ, ಎಣ್ಣೆ. ಮೂರು ಸಲವೂ ಕೆಟ್ಟದ್ದು ಅವರ ಫ್ಲಾಪಿಯೇ. ಬೇರೆ ಕಾರಣ ಯಾಕೆ ಹುಡುಕಬೇಕು?

ರಾಮಚಂದ್ರರಾಯರು ಒಳ್ಳೆಯವರು, ಆದರೆ ಸಾಹೇಬರೆಂದರೆ ಅವರಿಗೆ ಜ್ವರ. ಕಾರಣ ಗೊತ್ತಾಗುವ ತನಕ ಮಾಸ್ತರರು ಯಂತ್ರ ಮುಟ್ಟುವುದು ಬೇಡ ಎಂದರು. ಹೇಳುವಾಗ ಮಾಸ್ತರರ ಮುಖ ನೋಡಲಿಲ್ಲ.

ಖಾಜಾಸಾಬರು ವಾದ ಮಾಡಲಿಲ್ಲ. ಎರಡೂ ಅಂಗೈ ತಿರುವಿ ನೋಡಿಕೊಂಡರು.

"ಖರೇನ ಇರಬೇಕ್ರಿ. ವಯಸ್ಸಾದ ಕೈ. ಇನ್ನ ಮುಟ್ಟಂಗಿಲ್ಲ."

ಅಂಬುಬಾಯಿಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತೆರಡು ವರ್ಷ ಒಟ್ಟಿಗೆ ಚಹಾ ಕುಡಿದವರು. ಎಷ್ಟು ಸಾವಿರ ಮಕ್ಕಳ ಗೆರೆ ತಿದ್ದಿದ ಕೈ ಅದು! ಆ ಕೈ ಮೇಲೆ ಅದರ ಒಡೆಯನೇ ಅನುಮಾನ ಪಡುವುದನ್ನು ನೋಡುತ್ತಾ ನಿಲ್ಲುವುದು ಅವರಿಂದಾಗಲಿಲ್ಲ.

"ಸಂಜಿ ತನಕ ಟೈಮ್ ಕೊಡ್ರಿ ಸರ್," ಎಂದರು. "ನಾ ನೋಡ್ತೀನಿ."

"ನಿಮಗ ಕಂಪ್ಯೂಟರ್ ಬರ್ತದೇನ್ರಿ, ಬಾಯಾರ?" ರಾಘವೇಂದ್ರ ಕೇಳಿದ.

"ಬರಂಗಿಲ್ಲ. ಕಳವು ಹಿಡೀಲಿಕ್ಕೆ ಬರ್ತದ."

* * *

ಮೊದಲ ಅನುಮಾನ ಗಿರಣಿಯ ಮೇಲೆ. ಶಾಲೆಯ ಹಿಂಗೋಡೆಗೆ ಹತ್ತಿಕೊಂಡೇ ಯಂಕಪ್ಪನ ಹಿಟ್ಟಿನ ಗಿರಣಿ. ಹನ್ನೊಂದಕ್ಕೆ ಅದು ಶುರುವಾಯಿತೆಂದರೆ ಶಾಲೆಯ ದೀಪಗಳು ಮಂಕಾಗುತ್ತಿದ್ದವು. ಕಂಪ್ಯೂಟರಿನ ಪರದೆ ನಡುಗಿ, ಬರೆಯುತ್ತಿದ್ದ ಚಿತ್ರ ಇದ್ದಲ್ಲೇ ಕಲ್ಲಾಗಿ ನಿಲ್ಲುತ್ತಿತ್ತು. ಆರಿಸಿ ಮತ್ತೆ ಹಚ್ಚಬೇಕು. ಅಷ್ಟರ ತನಕ ಬರೆದು ಉಳಿಸದೆ ಇದ್ದದ್ದು ಹೋದಂತೆಯೇ.

ಯಂಕಪ್ಪ ಮೈಯೆಲ್ಲ ಹಿಟ್ಟು ಮಾಡಿಕೊಂಡು ಹೊರಬಂದ. ತಪ್ಪನ್ನು ಒಂದೇ ಮಾತಿಗೆ ಒಪ್ಪಿಕೊಂಡ. ಮಾಸ್ತರರ ಚಿತ್ರಕ್ಕಾಗಿ ಈ ವಾರ ಮಧ್ಯಾಹ್ನ ಮೂರರ ಮೇಲೆ ಬೀಸುತ್ತೇನೆ ಎಂದೂ ಹೇಳಿದ. ಒಳ್ಳೆಯ ಮನುಷ್ಯ.

ಆದರೆ ಹಿಂದಿರುಗುವ ದಾರಿಯಲ್ಲಿ ಅಂಬುಬಾಯಿ ನಿಂತರು. ಶನಿವಾರ ಮಧ್ಯಾಹ್ನ ಶಾಲೆ ಬಿಡುವಾಗ ಚಿತ್ರ ಸರಿಯಾಗಿ ತೆರೆದಿತ್ತು, ಅವರೇ ನೋಡಿದ್ದರು. ಆಮೇಲೆ ಯಂತ್ರ ಆರಿಸಿ, ತಂತಿ ಕಿತ್ತು, ಮೇಲೆ ಬಟ್ಟೆ ಹೊದಿಸಿದ್ದರು. ಕರೆಂಟೇ ಇಲ್ಲದ ಹೊತ್ತಿನಲ್ಲಿ ಗಿರಣಿ ಏನು ಮಾಡೀತು? ಯಂತ್ರ ಕಲ್ಲಾಗಿ ನಿಲ್ಲುವುದು ಗಿರಣಿಯ ತಪ್ಪು. ಉಳಿಸಿಟ್ಟ ಚಿತ್ರ ಹಾಳಾಗುವುದು ಬೇರೆ ಯಾರದೋ ಕೆಲಸ.

ಎರಡನೆಯದು ಬೆರಳು. ಲೆಕ್ಕದ ಪಾಠದ ಫ್ಲಾಪಿಯನ್ನು ತರಿಸಿ ನೋಡಿದರು. ಅದರ ಹೊದಿಕೆಯ ಮೇಲೆ ಶೇಂಗಾ ಚಿಕ್ಕಿ ತಿಂದ ಕೈಗಳ ಗುರುತು ಎಷ್ಟೋ ಇತ್ತು. ಒಂದು ಇರುವೆಯೂ ಇತ್ತು. ಯಂತ್ರಕ್ಕೆ ಹಾಕಿದರೆ ಪಾಠ ತಕ್ಷಣ ತೆರೆಯಿತು. ಬೆಲ್ಲ ಮೆತ್ತಿದ ಬೆರಳಿಗೆ ಕೆಡದ್ದು ಮಾಸ್ತರರ ಬೆರಳಿಗೆ ಕೆಡುತ್ತದೆಯೇ? ರಾಘವೇಂದ್ರ ತಲೆ ಕೆರೆದುಕೊಂಡ.

"ಯಾವಾಗಲೂ ಸೋಮವಾರನ ಯಾಕ ಹಾಳಾಗ್ತದ?" ಎಂದು ಅಂಬುಬಾಯಿ ಕೇಳಿದರು.

ಅವನು ಅದನ್ನು ಯೋಚಿಸಿಯೇ ಇರಲಿಲ್ಲ. ದಿನವೂ ಫ್ಲಾಪಿಗಳ ಪೆಟ್ಟಿಗೆಯನ್ನು ತನ್ನ ರೂಮಿಗೆ ಒಯ್ಯುತ್ತೇನೆ ಎಂದ. ಶನಿವಾರ ಮಾತ್ರ ಊರಿಗೆ ಹೋಗುತ್ತಾನೆ. ಲಕ್ಷ್ಮೇಶ್ವರದ ಬಸ್ಸಿನ ಧೂಳು, ನೂಕುನುಗ್ಗಲು. ಅದಕ್ಕೆ ಅಂದು ಪೆಟ್ಟಿಗೆ ಕಂಪ್ಯೂಟರ್ ಕೋಣೆಯ ಕಬ್ಬಿಣದ ಕಪಾಟಿನಲ್ಲಿ. ಕೀಲಿ ಅವನ ಜನಿವಾರದಲ್ಲಿ. ಚಿತ್ರದ ಇನ್ನೊಂದು ಪ್ರತಿಯೂ ಇತ್ತು. ಅದನ್ನು ಎಲ್ಲಿಟ್ಟಿದ್ದೆ ಎಂದರೆ, ಮೊದಲನೆಯದರ ಮಗ್ಗುಲಲ್ಲೇ. ಎರಡೂ ಕೂಡಿಯೇ ಹೋಗಿದ್ದವು. ಕೊನೆಗೆ ಕೆಲಸ ಮುಗಿಸುವವರು ಮಾಸ್ತರರು, ಹಾಗಾಗಿ ಕೊನೆಗೆ ಇಟ್ಟ ಅವರ ಫ್ಲಾಪಿಗಳು ಪೆಟ್ಟಿಗೆಯ ಎಡತುದಿಗೆ ಇರುತ್ತಿದ್ದವು.

"ಕಪಾಟ ತೋರಸು," ಎಂದರು ಅಂಬುಬಾಯಿ.

* * *

ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಧೂಳು ಬರುತ್ತದೆ ಎಂದು ರಾಘವೇಂದ್ರನ ಕಟ್ಟಪ್ಪಣೆ. ಅಂಬುಬಾಯಿ ಬರಿಗಾಲಲ್ಲಿ ನೆಲ ನೋಡುತ್ತಾ ಹೆಜ್ಜೆಯಿಟ್ಟರು. ಅದು ಮೊದಲು ಚಿತ್ರಕಲೆಯ ಕೋಣೆ. ಗೋಡೆಗೆಲ್ಲ ಮಕ್ಕಳ ಚಿತ್ರಗಳನ್ನು ಪಿನ್ನಿನಿಂದ ಚುಚ್ಚಿದ್ದರು. ಫ್ಯಾನು ತಿರುಗಿದರೆ ಪಿನ್ನು ಉದುರುತ್ತಿದ್ದವು. ಫರಸಿಕಲ್ಲಿನ ಸಂದಿಯಲ್ಲಿ ಸೇರಿಕೊಂಡು ಕಾಲಿಗೆ ಚುಚ್ಚುತ್ತಿದ್ದವು.

ಇವತ್ತು ಒಂದೂ ಇರಲಿಲ್ಲ. ಅಂಬುಬಾಯಿ ಬಗ್ಗಿ ನೋಡಿದರು. ಸಂದಿಯಲ್ಲಿ ಮಣ್ಣಿತ್ತು, ದಾರದ ಎಳೆ ಇತ್ತು, ಪೆನ್ಸಿಲ್ ಕೆತ್ತಿದ ಸಿಪ್ಪೆ ಇತ್ತು. ಪಿನ್ನು ಮಾತ್ರ ಇಲ್ಲ. ಗೋಡೆಯ ಮೇಲೆ ನೋಡಿದರೆ ಏಳೆಂಟು ಚಿತ್ರಗಳು ಒಂದೊಂದೇ ಪಿನ್ನಿನ ಮೇಲೆ ಜೋತಾಡುತ್ತಿದ್ದವು. ಹಾಗಾದರೆ ಉದುರಿದ ಪಿನ್ನುಗಳು ಎಲ್ಲಿ ಹೋದವು?

ಮನಸ್ಸಿನಲ್ಲೇ ಗಂಟು ಹಾಕಿಕೊಂಡು ಕಪಾಟು ತೆರೆಸಿದರು. ನಡುವಿನ ಹಲಗೆಯ ಎಡಮೂಲೆ, ಪೆಟ್ಟಿಗೆ ಇಡುವ ಜಾಗ. ಖಾಲಿ. ಇಲಿ ಇಲ್ಲ, ಜಿರಳೆ ಇಲ್ಲ, ತೇವವೂ ಇಲ್ಲ. ಅಂಬುಬಾಯಿ ಒಳಗೆ ಕೈಹಾಕಿ ಎಡಗೋಡೆಯನ್ನು ತಡವಿದರು.

ಟಿಕ್ ಎಂದಿತು.

ಅವರ ಬಳೆಗೆ ಸದಾ ನಾಲ್ಕು ಸೇಫ್ಟಿ ಪಿನ್ನು ತೂಗುತ್ತಿದ್ದವು. ಹೊಲಿಗೆಯ ಬಾಯಾರಿಗೆ ಅವೇ ಒಡವೆ. ಆ ನಾಲ್ಕೂ ಈಗ ಕಪಾಟಿನ ಎಡಗೋಡೆಗೆ ಅಂಟಿ ನಿಂತಿದ್ದವು. ಕೈ ಎಳೆದರೆ ಬಿಟ್ಟವು, ಹತ್ತಿರ ಒಯ್ದರೆ ಮತ್ತೆ ಅಂಟಿದವು. ಬಲಗೋಡೆಗೆ ಹಿಡಿದು ನೋಡಿದರು. ತೂಗಾಡಿಕೊಂಡು ಸುಮ್ಮನಿದ್ದವು.

ಕಪಾಟಿಗೂ ಗೋಡೆಗೂ ನಡುವೆ ಗೇಣು ಸಂದಿ. ಅಲ್ಲಿ ಒಂದು ಉದ್ದ ಕೋಲು ನಿಂತಿತ್ತು. ಅದರ ತುದಿಗೆ ಅಂಗೈಯಗಲದ ಕಪ್ಪು ಬಿಲ್ಲೆ ಕಟ್ಟಿತ್ತು. ಬಿಲ್ಲೆ ಕಪಾಟಿನ ಮೈಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಅದರ ಸುತ್ತ ಪಿನ್ನುಗಳು.

ರಾಘವೇಂದ್ರನ ಮುಖ ಬಿಳಿಚಿಕೊಂಡಿತು. "ಅಯಸ್ಕಾಂತ," ಎಂದ. ಫ್ಲಾಪಿಯಲ್ಲಿ ಬರೆದದ್ದನ್ನು ಅಳಿಸಿಹಾಕುವ ಮೊದಲನೆಯ ವೈರಿ ಅದೇ ಎಂದು ಧಾರವಾಡದಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರಂತೆ. ಇಬ್ಬರೂ ಸೇರಿ ಒಂದು ಫ್ಲಾಪಿಯಲ್ಲಿ ಏನೋ ನಾಲ್ಕು ಗೆರೆ ಬರೆದುಳಿಸಿ, ಆ ಮೂಲೆಯಲ್ಲಿ ಒಂದು ಪಿರಿಯಡ್ ಇಟ್ಟು, ಮತ್ತೆ ಯಂತ್ರಕ್ಕೆ ಹಾಕಿದರು. ಕರ್ ಕರ್ ಎಂದಿತು. ಅದೇ ಇಂಗ್ಲಿಷ್ ಸಾಲು.

* * *

ಶಂಕ್ರೆವ್ವ ಶಾಲೆಯ ಕಸ ಗುಡಿಸುವವಳು. ದಿನಗೂಲಿ. ಕೋಲು ಯಾರದು ಎಂದು ಕೇಳಿದ್ದಕ್ಕೆ ತನ್ನದೇ ಎಂದು ಸಂತೋಷದಿಂದ ಹೇಳಿದಳು. ಹೆಡ್‌ಮಾಸ್ತರರ ಕೋಣೆಯಲ್ಲಿ ಎಲ್ಲರ ಮುಖ ನೋಡಿದ ಮೇಲೆ ಅವಳ ನಗು ಆರಿತು.

"ಹುಡುಗ್ರು ಬರೇ ಕಾಲಿಲೆ ಬರ್ತಾವ್ರಿ," ಎಂದಳು. "ಎಂಟನೇ ಕ್ಲಾಸಿನ ಹುಡುಗಿಗೆ ಪಿನ್ ಚುಚ್ಚಿ ಕಾಲು ಬಾತಿತ್ರಿ. ಕಸಬರಿಗಿಗೆ ಅವು ಬರಂಗಿಲ್ರಿ, ಸಂದ್ಯಾಗ ಕುಂದ್ರತಾವ. ಅಲ್ಲಾಉದ್ದೀನನ ರೇಡಿಯೋ ಅಂಗಡ್ಯಾಗ ಒಡದ ಸ್ಪೀಕರಿನ ಕಲ್ಲ ಇತ್ರಿ, ಕಬ್ಬಿಣ ಎಳೀತೈತಿ. ಬೇಡಿ ತಂದ್ನಿ."

ಯಾವಾಗ ತಂದದ್ದು ಎಂದು ಅಂಬುಬಾಯಿ ಕೇಳಿದರು. ಮೂರು ವಾರ ಆಗಿತ್ತು. ಕೋಲನ್ನು ಅಲ್ಲೇ ಯಾಕೆ ಇಡುತ್ತಿದ್ದೆ ಎಂದರೆ, ಕಪಾಟಿಗೆ ತಾನಾಗಿ ಅಂಟಿಕೊಂಡು ನಿಲ್ಲುತ್ತದೆ, ಮೊಳೆ ಬೇಕಿಲ್ಲ ಎಂದಳು.

ರಾಘವೇಂದ್ರನಿಗೆ ತಡೆಯಲಾಗಲಿಲ್ಲ. ಗೋಡೆಯ ಮೇಲೆ ಸೂಚನೆ ಬರೆದು ಅಂಟಿಸಿದ್ದೇನೆ, ಫ್ಲಾಪಿಯ ಹೊದಿಕೆಯ ಮೇಲೆ ಚಿತ್ರವೇ ಇದೆ ಎಂದ. ನಿಜ, ಸೂಚನೆ ಇತ್ತು. ಇಂಗ್ಲಿಷಿನಲ್ಲಿ. ಹೊದಿಕೆಯ ಮೇಲೆ ಅಡ್ಡಗೆರೆ ಹೊಡೆದ ಒಂದು ಚಿತ್ರವೂ ಇತ್ತು. ಅದೇನೆಂದು ಗೊತ್ತೇ ಎಂದು ಅಂಬುಬಾಯಿ ಶಂಕ್ರೆವ್ವನಿಗೆ ತೋರಿಸಿದರು.

"ಕುದುರಿ ಲಾಳ ಅಲ್ರಿ?" ಎಂದಳು ಅವಳು. "ಕುದುರಿ ತುಳೀಬಾರ್ದು ಅಂತ ಬರದಾರ ಅನ್ಕೊಂಡಿದ್ನಿ."

ಯಾರಿಗೂ ನಗಲು ಆಗಲಿಲ್ಲ. ಶಾಲೆಯ ಪುಸ್ತಕ ಓದಿದವರಿಗೆ ಅಯಸ್ಕಾಂತ ಲಾಳದ ಹಾಗೆ ಬಾಗಿರುತ್ತದೆ. ಶಂಕ್ರೆವ್ವನ ಕಲ್ಲು ದುಂಡಗಿತ್ತು. ಅವಳಿಗೆ ತಿಳಿಯುವುದು ಹೇಗೆ?

ಅಂಬುಬಾಯಿ ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳಿದರು. ಚಪ್ಪಲಿ ಬೇಡವೆಂದದ್ದಕ್ಕೆ ಮಕ್ಕಳು ಬರಿಗಾಲಲ್ಲಿ ಬಂದರು. ಬರಿಗಾಲಿಗೆ ಪಿನ್ನು ಚುಚ್ಚಿತು. ಪಿನ್ನು ಹೆಕ್ಕಲು ಅಯಸ್ಕಾಂತ ಬಂತು. ಅದು ಕಪಾಟಿನ ಎಡಕ್ಕೆ ನಿಂತಿತು. ಶನಿವಾರದಿಂದ ಸೋಮವಾರದ ತನಕ ಎಡತುದಿಯ ಫ್ಲಾಪಿಗಳು ಅದರ ಪಕ್ಕದಲ್ಲೇ ಇದ್ದವು. ಬಲಕ್ಕಿದ್ದ ಲೆಕ್ಕದ ಪಾಠ ದೂರವಿದ್ದು ಉಳಿದುಕೊಂಡಿತು.

"ಮಾಸ್ತರರ ಕೈ ಇದರಾಗ ಎಲ್ಲೂ ಇಲ್ಲ," ಎಂದು ಮುಗಿಸಿದರು.

ರಾಮಚಂದ್ರರಾಯರು ಶಂಕ್ರೆವ್ವನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. ಅವಳ ಕೂಲಿಯ ಗತಿ ಏನಾಗುವುದೋ ಎಂದು ಅಂಬುಬಾಯಿ ಬಾಯಿ ತೆರೆಯುವಷ್ಟರಲ್ಲಿ ರಾಘವೇಂದ್ರ ಎದ್ದು ನಿಂತ. ತಪ್ಪು ತನ್ನದು ಎಂದ. ಓದಲು ಬಾರದವರಿಗೆ ಬಾಯಲ್ಲಿ ಹೇಳಬೇಕಿತ್ತು, ಹೇಳಲಿಲ್ಲ. ಎರಡು ಪ್ರತಿಗಳನ್ನು ಎರಡು ಕಡೆ ಇಡಬೇಕಿತ್ತು, ಇಡಲಿಲ್ಲ. ಆಮೇಲೆ ಮಾಸ್ತರರ ಕಡೆ ನೋಡಿದ. ಅವರ ಕಾಲಿಗೆ ಬಗ್ಗಿದ. ಆ ಗಳಿಗೆಯಲ್ಲಿ ಅಂಬುಬಾಯಿಗೆ ಅವನು ಬಹಳ ಇಷ್ಟವಾದ.

ಶಂಕ್ರೆವ್ವ ಸೆರಗು ಬಾಯಿಗೊತ್ತಿ ಅಳುತ್ತಿದ್ದಳು. ಖಾಜಾಸಾಬರು ಅವಳ ಹತ್ತಿರ ಹೋದರು.

"ಅಳಬ್ಯಾಡವಾ. ನನ್ನ ಕೈ ಕೆಟ್ಟಿಲ್ಲ ಅಂತ ಗೊತ್ತಾತಲ್ಲ. ನನಗ ಅಷ್ಟ ಬೇಕಾಗಿತ್ತು."

* * *

ಉಳಿದದ್ದು ನಾಲ್ಕು ದಿನ. ಇಡೀ ವಾರದ ಕೆಲಸ ನಾಲ್ಕು ದಿನದಲ್ಲಿ ಆಗುವುದಿಲ್ಲ. ಖಾಜಾಸಾಬರು ಈ ಸಲ ತೊಲೆ, ಕಂದೀಲು ಬಿಟ್ಟರು. ರಾಟೆಯಿಂದ ಶುರುಮಾಡಿದರು. ಯಂಕಪ್ಪ ಮಾತಿನಂತೆ ಮೂರರ ತನಕ ಗಿರಣಿ ಹಚ್ಚಲಿಲ್ಲ, ಗಿರಾಕಿಗಳ ಬೈಗುಳ ತಿಂದ. ರಾಘವೇಂದ್ರ ಆ ಶನಿವಾರ ಊರಿಗೆ ಹೋಗುವುದಿಲ್ಲವೆಂದು ಮನೆಗೆ ಕಾಗದ ಬರೆದ.

ಶನಿವಾರ ಸಾಹೇಬರು ಬಂದರು. ಕೋಣೆ ತುಂಬ ಜನ. ಬಾನುಬಿಯನ್ನು ಅಂಬುಬಾಯಿ ಕೈಹಿಡಿದು ಕರೆತಂದಿದ್ದರು. ಸುಮ್ಮನೆ ಕಂಪ್ಯೂಟರ್ ನೋಡಲು ಎಂದು ಹೇಳಿದ್ದರು. ಅವಳು ಹಿಂದೆ, ಗೋಡೆಗೆ ಒರಗಿ ನಿಂತಳು.

ಪರದೆಯ ಮೇಲೆ ಚಿತ್ರ ಬಂತು. ಮೇಲೆ ಕಪ್ಪು, ಏನೂ ಇಲ್ಲ. ಕೆಳಗೆ ಒಂದು ರಾಟೆ. ರಾಟೆಯ ಮೇಲೆ ಎರಡು ಕೈ, ನಡುವೆ ಕೆಂಪು ನೂಲಿನ ಎಳೆ. ಮುಖ ಎಲ್ಲಿ ಎಂದು ಸಾಹೇಬರು ಕೇಳಿದರು. ಇನ್ನೂ ಬರೆಯುವುದಿದೆ ಎಂದು ರಾಮಚಂದ್ರರಾಯರು ಬೆವರು ಒರೆಸಿಕೊಳ್ಳುತ್ತಾ ಹೇಳಿದರು. ನಿವೃತ್ತಿಯ ಮೇಲೂ ಮಾಸ್ತರರು ಬಂದು ಮುಗಿಸುತ್ತಾರೆ, ಕೋಣೆ ತೆರೆದಿರುತ್ತದೆ ಎಂದೂ ಸೇರಿಸಿದರು. ಸಾಹೇಬರು ತಲೆಯಾಡಿಸಿ ಮುಂದಿನ ಕೋಣೆಗೆ ನಡೆದರು. ಮಾಸ್ತರರು, ಅಂಬುಬಾಯಿ ಬಿಟ್ಟು ಉಳಿದವರೆಲ್ಲ ಹಿಂದೆ ಹೋದರು.

ಬಾನುಬಿಯೂ ಹೋಗಲಿಲ್ಲ. ಮೆಲ್ಲಗೆ ಪರದೆಯ ಹತ್ತಿರ ಬಂದಳು. ಬಹಳ ಹೊತ್ತು ನೋಡಿದಳು.

"ಇವು ನನ್ನ ಕೈ," ಎಂದಳು.

ಮುಖವಿಲ್ಲದೆ ಹೇಗೆ ಗುರುತು ಸಿಕ್ಕಿತು ಎಂದು ಅಂಬುಬಾಯಿ ಕೇಳಿದರು. ಬಾನುಬಿ ತನ್ನ ಎಡಗೈ ಎತ್ತಿ ತೋರಿಸಿದಳು. ನೂಲು ಹಿಡಿದು ಹಿಡಿದು ತೋರುಬೆರಳ ತುದಿ ಕೊಂಚ ಹೊರಗೆ ವಾಲಿತ್ತು. ಪರದೆಯ ಮೇಲೂ ಆ ಬೆರಳು ಒಂದು ಚೌಕದಷ್ಟು ಹೊರಗೆ ವಾಲಿತ್ತು.

"ಮೂವತ್ನಾಕ ವರ್ಷ," ಎಂದಳು ಗಂಡನ ಕಡೆ ನೋಡುತ್ತಾ. "ನೀವು ಇದನ್ನ ನೋಡೇ ಇಲ್ಲ ಅನ್ಕೊಂಡಿದ್ನಿ."

ಖಾಜಾಸಾಬರು ಯಂತ್ರದ ಮುಂದೆ ಬಂದರು. ಕುರ್ಚಿ ಎಳೆದುಕೊಂಡು ಕೂತರು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ ಹೆಂಡತಿಯನ್ನು ಕೂರಲು ಹೇಳಿದರು. ಅವಳ ಮುಖವನ್ನು ಒಮ್ಮೆ ಸರಿಯಾಗಿ ನೋಡಿ, ಮೇಲಿನ ಕಪ್ಪಿನಲ್ಲಿ ಮೊದಲ ಚೌಕಕ್ಕೆ ಬಣ್ಣ ತುಂಬಿದರು.