ಸರಾಸರಿಯ ಜೊತೆ ಸಂಸಾರ

ಗಂಡನ ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಸೋಮವಾರ. ಅವಳು ಎಂದಿನಂತೆ ಒಂಬತ್ತಕ್ಕೆ ಕೆಲಸಕ್ಕೆ ಹೋದಳು.

ಕಂಪನಿ ಗಂಡನ ಅಣ್ಣನದು; ಗಂಡನೂ ಅಲ್ಲೇ ಕೆಲಸ ಮಾಡುತ್ತಿದ್ದ. ಭಾವ ಪರೀಕ್ಷಾ ವರದಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಸಹಿ ಹಾಕಮ್ಮ. ಕ್ರೇನ್ ತರಬೇತಿಯ ಸಿಮ್ಯುಲೇಟರ್ ನಾಳೆ ಹೊರಡ್ಬೇಕು."

"ಕೈಲಿ ಹಿಡಿಯೋ ಲಿವರಿನ ಪರೀಕ್ಷೆ ಮುಗಿದಿಲ್ಲ, ಭಾವ."

"ಮತ್ತೆ ಅದೇ ರಾಗ. ಆಫೀಸ್ ಕಂಪ್ಯೂಟರಲ್ಲಿರೋ ಸಿಸ್ಟಮ್ಮೇ ಸಾಕು ಅಂದಿದ್ದ ನನ್ನ ತಮ್ಮ. ಅವನು ಹೋದ ಮೇಲೂ ಅವನ ಜೊತೆ ಜಗಳ ನಿಲ್ಸಲ್ವಾ?"

ಆರು ತಿಂಗಳಿಂದ ಮನೆಯಲ್ಲೂ ಇದೇ ಜಗಳ. ಲಿವರ್ ಸೆಕೆಂಡಿಗೆ ಸಾವಿರ ಸಲ ಕೈಯನ್ನು ಹಿಂದಕ್ಕೆ ತಳ್ಳಬೇಕು. ಆಗ ಮಾತ್ರ ಎತ್ತಿದ ಭಾರ ನಿಜವೆನಿಸುತ್ತದೆ. ಎಲ್ಲ ಕೆಲಸಕ್ಕೂ ಒಗ್ಗುವ ಸಾಮಾನ್ಯ ಆಪರೇಟಿಂಗ್ ಸಿಸ್ಟಮ್ ಅದನ್ನೂ ಮಾಡುತ್ತದೆ. ಆದರೆ ಯಾವಾಗಲೋ ಒಮ್ಮೆ ಬೇರೆ ಕೆಲಸಕ್ಕೆ ತಿರುಗಿ, ತಡಮಾಡುತ್ತದೆ.

"ಸರಾಸರಿ ನೋಡು, ಎಷ್ಟು ಚೆನ್ನಾಗಿದೆ" ಎನ್ನುತ್ತಿದ್ದ ಅವನು.

"ತಡವಾಗೋ ಆ ಒಂದು ಸಲ ನೋಡು" ಎನ್ನುತ್ತಿದ್ದಳು ಅವಳು.

ಕೊನೆಯ ಬೆಳಿಗ್ಗೆ ಅವಳು ಅಂದದ್ದು, "ಹೋಗು, ನಿನ್ನ ಸರಾಸರಿ ಜೊತೇನೇ ಸಂಸಾರ ಮಾಡು."

ಅಂದು ಸಂಜೆ, ಮನೆಯ ಹತ್ತಿರ ರಸ್ತೆ ದಾಟುವಾಗ ಅವನಿಗೆ ಲಾರಿ ಗುದ್ದಿತು.

ಅವಳು ಸಹಿ ಹಾಕದೆ ಪರೀಕ್ಷಾ ಕೋಣೆಗೆ ನಡೆದಳು. ಭಾವ ಬಿಡದೆ ಹಿಂದೆಯೇ ಬಂದರು.

ಲಿವರಿನ ಪಕ್ಕ ಆಸಿಲೋಸ್ಕೋಪ್ ಇತ್ತು, ಸಂಕೇತಗಳ ಸಮಯ ಅಳೆಯುವ ಪೆಟ್ಟಿಗೆ. ಎದುರಿನ ರಿಪೇರಿ ಅಂಗಡಿಯ ಬಾಡಿಗೆ ಚೀಟಿ ಅದರ ಮೇಲಿತ್ತು. ಕೆಳಗೆ ಅವನ ಅಕ್ಷರದ ಒಂದು ಹಾಳೆ, ಅದೇ ಕೊನೆಯ ದಿನದ್ದು.

'ಪರದೆಗೆ ಸಾಮಾನ್ಯ ಸಿಸ್ಟಮ್ ಸಾಕು. ಲಿವರ್‌ಗೆ ಸಾಲದು. ಫೈಲ್ ಕಾಪಿ ಆಗುವಾಗ ಮೂವತ್ತೊಂದು ಮಿಲಿಸೆಕೆಂಡ್ ತಡ. ಇಷ್ಟು ದಿನ ಕಂಪ್ಯೂಟರ್ ಸುಮ್ಮನಿದ್ದಾಗಲೇ ಅಳೆದಿದ್ದೇನೆ, ದಡ್ಡ. ಲಿವರ್‌ಗೇ ಮೀಸಲಾದ ಬೇರೆ ಸರ್ಕ್ಯೂಟ್ ಬೋರ್ಡ್ ಬೇಕು. ಸಂಜೆ ಅವಳಿಗೆ ಹೇಳಬೇಕು. ಮುಖ ತಿರುಗಿಸಿದರೂ ಹೇಳಬೇಕು.'

ಭಾವ ಎರಡು ಸಲ ಓದಿದರು.

"ಗೆದ್ದೆಯಲ್ಲ. ಸಮಾಧಾನ ಆಯ್ತಾ?"

"ಇಲ್ಲ."

"ಒಂದು ವಾರ ಕೊಡ್ತೀನಿ. ಆಮೇಲೆ ಒಂದು ದಿನಾನೂ ಕೇಳ್ಬೇಡ." ವರದಿಯನ್ನು ಮಡಚಿಕೊಂಡು ಹೋದರು.

ಅವಳು ಅಂಕಿಗಳನ್ನು ಬರೆದುಕೊಂಡು, ಪೆಟ್ಟಿಗೆ ಎತ್ತಿಕೊಂಡು ರಸ್ತೆ ದಾಟಿದಳು.

ಅಂಗಡಿಯಾಕೆ ಒಮ್ಮೆ ಅವಳನ್ನು ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದಳು. "ಸಂಜೆಗೆ ತಂದುಕೊಡ್ತೀನಿ ಅಂದ ಮಹಾಶಯರು ಎಲ್ಲಿ? ಹೆಂಡ್ತಿನ ಮುಂದೆ ಬಿಟ್ಟು ಬಚ್ಚಿಟ್ಕೊಂಡ್ರಾ?"

"ತೀರ್ಕೊಂಡ್ರು. ಅವತ್ತೇ ಸಂಜೆ."

ಆಕೆ ಕೈಯಲ್ಲಿದ್ದುದನ್ನು ಕೆಳಗಿಟ್ಟಳು.

"ಒಳಗಿರೋ ದಾಖಲೆ ಅಳಿಸಿ ಕೊಡ್ಬೇಕು ಅಂತ ನಮ್ಮಲ್ಲಿ ನಿಯಮ... ಇರ್ಲಿ ಬಿಡಿ."

"ನಾನೇ ಅಳಿಸ್ತೀನಿ."

ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಚಾಲೂ ಮಾಡಿದಳು.

"ಒಯ್ಯುವಾಗ ಕೇಳಿದ್ರು," ಎಂದಳು ಅಂಗಡಿಯಾಕೆ, "'ಅವಳೇ ಸರಿ ಅಂತಾದ್ರೆ ಮನೆಗೆ ಹೇಗೆ ಹೋಗ್ಲಿ?' ಅಂತ. ನಗ್ತಾನೇ ಇದ್ರು. ಬಾಗಿಲಂತೂ ತೆಗೀತಾರೆ ಹೋಗಿ ಅಂದೆ." ತಡೆದು ಕೇಳಿದಳು, "ತೆಗೀತಿದ್ರಲ್ವಾ?"

ಅವಳು ಅಳಿಸುವ ಗುಂಡಿ ಒತ್ತಿದಳು. ಪರದೆ ಖಾಲಿಯಾಯಿತು.

"ತೆಗೆದೇ ಇಟ್ಟಿದ್ದೆ," ಎಂದು ಪೆಟ್ಟಿಗೆಯನ್ನು ಆಕೆಯ ಕೈಗೆ ಕೊಟ್ಟಳು.